ಉಳಿದ ಊರು

ಸುಂದರವಾದ ವಸ್ತುವೊಂದು ನಾಶವಾಗದೆ ಉಳಿಯಿತೆಂದು ಕೇಳಿದರೆ ಯಾರಿಗೆ ತಾನೆ ಸಂತೋಷವಾಗದು? ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ದೊಡ್ಡ ಪಟ್ಟಣಗಳಲ್ಲಿ ಬಹುಪಾಲು ಸುಟ್ಟುಹೋದವು. ಕ್ಯೋಟೋ ಮಾತ್ರ ಹೆಚ್ಚುಕಡಿಮೆ ಇಡಿಯಾಗಿ ಉಳಿಯಿತು. ಅಷ್ಟು ಚೆಲುವಾದ ಊರಾದ್ದರಿಂದ ಅದನ್ನು ಸುಡಲು ಶತ್ರುವಿಗೂ ಮನಸ್ಸು ಬರಲಿಲ್ಲವಂತೆ. ಈ ಮಾತನ್ನು ಪ್ರವಾಸ ಹೋಗಿಬಂದವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಹಿತವಾದ ಮಾತು. ಹಿತವಾದ ಮಾತುಗಳನ್ನು ಒಮ್ಮೆ ಮಗುಚಿ ನೋಡುವ ಅಭ್ಯಾಸ ನಮಗೆ ಕಡಮೆ.

ಆ ಊರನ್ನು ನಾನು ನೋಡಿದ್ದು ಒಂದೇ ದಿನ, ಪ್ರವಾಸಿಗಳ ಬಸ್ಸಿನಲ್ಲಿ, ಮಾರ್ಗದರ್ಶಿಯೊಬ್ಬರ ಬಾವುಟದ ಹಿಂದೆ. ಆಕೆಗೆ ಐವತ್ತು ದಾಟಿದ್ದಿರಬೇಕು, ಮಿತಭಾಷಿ. "ಕಳೆದ ಯುದ್ಧದಲ್ಲಿ ಈ ಊರು ಉಳಿಯಿತು" ಎಂದವರು, ತುಸು ನಕ್ಕು, "ಕಳೆದ ಯುದ್ಧ ಎಂದರೆ ಇಲ್ಲಿಯ ಹಳಬರು 1467ರಲ್ಲಿ ಮೊದಲಾದ ಓನಿನ್ ಯುದ್ಧವೆಂದು ತಿಳಿಯುತ್ತಾರೆಂಬ ತಮಾಷೆಯಿದೆ. ನಾನು ಹೇಳುವುದು 1945ರದು" ಎಂದು ಸೇರಿಸಿದರು. ಹಿಂದಿನ ಆಸನದಿಂದ ಯಾರೋ "ದೇವರು ದೊಡ್ಡವನು" ಎಂದರು.

ದೇವರ ಪಾಲು ಎಷ್ಟೋ. ಮನುಷ್ಯರ ಪಾಲಿಗೆ ದಾಖಲೆಯಿದೆ. 1945ರ ಮೇ ತಿಂಗಳಲ್ಲಿ ಅಣುಬಾಂಬಿಗೆ ಗುರಿ ಆರಿಸಲು ಕುಳಿತ ಅಮೆರಿಕದ ಸಮಿತಿಯ ಪಟ್ಟಿಯಲ್ಲಿ ಕ್ಯೋಟೋದ ಹೆಸರು ಮುಂದಿತ್ತು. ಹತ್ತು ಲಕ್ಷ ಜನ, ಹಳೆಯ ರಾಜಧಾನಿ. ಮತ್ತೊಂದು ಕಾರಣವನ್ನೂ ಸಮಿತಿ ಕಾಣಿಸಿತ್ತು: ಅದು ವಿದ್ಯಾವಂತರ ಊರು, ಇಂಥ ಆಯುಧದ ಅರ್ಥ ಅಲ್ಲಿಯವರಿಗೆ ಚೆನ್ನಾಗಿ ಮನಸ್ಸಿಗೆ ಹತ್ತೀತು! ವಿದ್ಯೆಗೆ ಇಂಥ ಮರ್ಯಾದೆ ಸಂದದ್ದನ್ನು ನಾನು ಬೇರೆಲ್ಲಿಯೂ ಓದಿಲ್ಲ. ಹೊಸ ಬಾಂಬಿಗೆ ಮೀಸಲಾದ ಊರುಗಳ ಮೇಲೆ ಬೇರೆ ಬಾಂಬು ಹಾಕಕೂಡದೆಂದು ವಿಮಾನದಳಕ್ಕೆ ಕಟ್ಟಪ್ಪಣೆಯಾಯಿತು. ಹಾಗಾಗಿ ಆ ಬೇಸಗೆಯಲ್ಲಿ ಕ್ಯೋಟೋ ಉಳಿದದ್ದು ದಯೆಯಿಂದಲ್ಲ. ಹರಕೆಯ ಕುರಿಗೆ ಯಾರೂ ಕೋಲೆತ್ತುವುದಿಲ್ಲವಷ್ಟೆ.

ಅದನ್ನು ಪಟ್ಟಿಯಿಂದ ತೆಗೆಸಿದಾತ ಯುದ್ಧ ಸಚಿವ ಹೆನ್ರಿ ಸ್ಟಿಮ್‌ಸನ್. ಸೇನಾಧಿಕಾರಿಗಳು ಮತ್ತೆ ಮತ್ತೆ ಆ ಹೆಸರನ್ನು ತಂದಿಟ್ಟರೂ ಆತ ಒಪ್ಪಲಿಲ್ಲ. ಆತನ ಮನಸ್ಸಿನಲ್ಲಿ ರಾಜಕೀಯವೂ ಇತ್ತು: ಕ್ಯೋಟೋವನ್ನು ಸುಟ್ಟರೆ ಜಪಾನೀಯರ ಕಹಿ ಆರದು, ಅವರು ರಷ್ಯದ ಕಡೆ ವಾಲಿಯಾರು ಎಂಬ ಲೆಕ್ಕ. ಆದರೆ ಆತ 1920ರ ದಶಕದಲ್ಲಿ ಆ ಊರಿಗೆ ಹೋಗಿ ತಂಗಿದ್ದುದೂ ನಿಜ. ಎಂದರೆ, ನಮ್ಮ ಹಾಗೆಯೇ ಒಬ್ಬ ಪ್ರವಾಸಿ. ಜುಲೈ ಕೊನೆಯ ಪಟ್ಟಿಯಲ್ಲಿ ಕ್ಯೋಟೋ ಇರಲಿಲ್ಲ, ನಾಗಸಾಕಿ ಸೇರಿತ್ತು. ಆಗಸ್ಟ್ 9ರಂದು ಬಾಂಬು ಹೊತ್ತ ವಿಮಾನ ಮೊದಲು ಹೋದದ್ದು ಕೊಕುರಾ ಎಂಬ ಊರಿನ ಮೇಲೆ. ಅಲ್ಲಿ ಮೋಡ, ಹೊಗೆ, ಗುರಿ ಕಾಣಲಿಲ್ಲ. ವಿಮಾನ ನಾಗಸಾಕಿಯ ಕಡೆ ತಿರುಗಿತು. ಆ ವರ್ಷ ಮುಗಿಯುವ ಹೊತ್ತಿಗೆ ಅಲ್ಲಿ ಸತ್ತವರು ಸುಮಾರು 70,000.

ಒಂದು ಊರನ್ನು ಕಣ್ಣು ಉಳಿಸಿತು, ಇನ್ನೊಂದನ್ನು ಮೋಡ ಉಳಿಸಿತು. ಕಣ್ಣಿಗೂ ಬೀಳದ, ಮೋಡವೂ ಸಾಕಷ್ಟು ಕಾಯದ ಊರು ಬೂದಿಯಾಯಿತು.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಕಿಂಕಾಕು ಎಂಬ ಚಿನ್ನದ ಮಂಟಪದ ಮುಂದೆ ನಿಂತೆ. ಕೊಳದ ನೀರಿನಲ್ಲಿ ಚಿನ್ನ ತಲೆಕೆಳಗಾಗಿ ತೇಲುತ್ತಿತ್ತು. ಎಲ್ಲರೂ ಪಟ ತೆಗೆಯುತ್ತಿದ್ದರು, ನಾನೂ ತೆಗೆದೆ. ಆದರೆ ಯುದ್ಧ ಉಳಿಸಿದ್ದ ಮಂಟಪ ಅದಲ್ಲ. ಅದನ್ನು 1950ರ ಜುಲೈಯಲ್ಲಿ ಆ ಮಠದ ಒಬ್ಬ ತರುಣ ಸನ್ಯಾಸಿಯೇ ಸುಟ್ಟುಬಿಟ್ಟ. ಈಗಿರುವುದು 1955ರಲ್ಲಿ ಮತ್ತೆ ಕಟ್ಟಿದ್ದು. ನೋಡುವವರಿಗೆ ಏನೂ ಕೊರತೆಯಾಗಿಲ್ಲ. ಮಂಟಪವನ್ನು ಐದು ವರ್ಷದಲ್ಲಿ ಮರಳಿ ಪಡೆಯಬಹುದು. ಹಾಗಿದ್ದ ಮೇಲೆ, ದೇಗುಲಗಳಿರುವ ಊರಿನ ಜೀವ ಹಡಗುಕಟ್ಟೆಯ ಊರಿನ ಜೀವಕ್ಕಿಂತ ತೂಕದ್ದು ಎನ್ನುವ ತಕ್ಕಡಿಯನ್ನು ನಾವು ಯಾವಾಗ, ಯಾರ ಕೈಯಿಂದ ಕೊಂಡೆವು? "ಚೆಲುವಾದ ಊರು ಉಳಿಯಿತಲ್ಲ" ಎಂದು ಉಸಿರುಬಿಡುವಾಗ ಆ ತಕ್ಕಡಿ ನಮ್ಮ ಕೈಯಲ್ಲಿಯೇ ಇರುತ್ತದೆ.

ಸ್ಟಿಮ್‌ಸನ್ನನನ್ನು ಹಳಿಯಲು ನಾನು ಹೊರಟಿಲ್ಲ. ಕಂಡ ಊರನ್ನು ಸುಡಲಾರೆನೆನ್ನುವುದು ಮನುಷ್ಯ ಸಹಜ. ಕಂಡೂ ಸುಡುವವರಿಗಿಂತ ಆತ ಮೇಲು. ಹತ್ತು ಲಕ್ಷ ಜನ ಆ ಹಟದಿಂದ ಬದುಕಿದರು. ಆದರೆ ಆ ದಯೆ ಪಟ್ಟಿಯಲ್ಲಿನ ಒಂದು ಹೆಸರನ್ನು ಹೊಡೆದುಹಾಕಿತೇ ಹೊರತು ಪಟ್ಟಿಯನ್ನು ಹರಿಯಲಿಲ್ಲ. ನಮ್ಮ ದಿನನಿತ್ಯದ ದಯೆಯೂ ಬಹುಮಟ್ಟಿಗೆ ಈ ಜಾತಿಯದೇ. ಪರಿಚಿತರ ಮಗನಿಗೆ ಜ್ವರವೆಂದರೆ ಓಡುತ್ತೇವೆ. ಕಾಣದ ಬೀದಿಯ ಸಾವನ್ನು ಕಾಫಿಯ ಜೊತೆಗೆ ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸುತ್ತೇವೆ. ಎಲ್ಲ ಊರನ್ನೂ ನೋಡಿಬರಲು ಯಾರಿಂದ ಸಾಧ್ಯ? ನೋಡಿದವರಿಗಷ್ಟೇ ಕರುಣೆ ಸಲ್ಲುವುದಾದರೆ ಉಳಿದವರ ಗತಿ ಏನು?

ಮಧ್ಯಾಹ್ನ ಸಂಜುಸಾಂಗೆಂದೋ ಎಂಬ ದೇಗುಲ. ಸುಮಾರು 120 ಮೀಟರು ಉದ್ದದ ಮರದ ಶಾಲೆ, 1266ರದು. ಒಳಗೆ ಸಾಲುಸಾಲಾಗಿ ಆಳೆತ್ತರದ 1001 ವಿಗ್ರಹಗಳು. ನಡುವೆ ಕುಳಿತ ದೊಡ್ಡ ವಿಗ್ರಹವೊಂದು. ಪಟ ತೆಗೆಯಕೂಡದು, ಆದ್ದರಿಂದ ಜನ ನಿಜವಾಗಿ ನೋಡುತ್ತಾರೆ. ಮುಂದಿನ ಸಾಲಿನಲ್ಲಿ ಕೊಳಲೂದುವ ಗರುಡನನ್ನು ಕಂಡು ನನಗೆ ನಂಟರು ಸಿಕ್ಕಷ್ಟು ಹಿಗ್ಗಾಯಿತು. ಅಲ್ಲಿಯವರು ಕನ್ನೋನ್ ಎನ್ನುವ ಆ ಮೂರ್ತಿ ನಮ್ಮ ನಾಡಿನಿಂದಲೇ ಹೋದ ಅವಲೋಕಿತೇಶ್ವರ. ಹೆಸರಿನಲ್ಲಿಯೇ ನೋಟವಿದೆ. ಸಾವಿರ ಕೈ, ಒಂದೊಂದು ಅಂಗೈಯಲ್ಲೂ ಒಂದು ಕಣ್ಣು ಎಂದು ಕಲ್ಪನೆ. ಎರಡು ಕಣ್ಣಿನ ದಯೆ ಸಾಲದೆಂದು ಯಾರಿಗೋ ಬಹಳ ಹಿಂದೆಯೇ ತೋರಿರಬೇಕು.

"ಈ ಸಾವಿರ ಮುಖಗಳಲ್ಲಿ ನೀವು ಕಾಣಬೇಕೆಂದಿರುವ ಒಬ್ಬರ ಮುಖ ಇದ್ದೇ ಇರುತ್ತದೆಯೆಂದು ನಂಬಿಕೆ" ಎಂದರು ಮಾರ್ಗದರ್ಶಿ. ನಮ್ಮ ಗುಂಪು ಮುಖಗಳನ್ನು ಹುಡುಕುತ್ತ ಚದುರಿತು. ಆಗ ನಾನು ಅವರನ್ನು ಕೇಳಿದೆ: "ಉಳಿದದ್ದರ ಬಗ್ಗೆ ನಿಮ್ಮ ಊರಿನವರಿಗೆ ಏನನ್ನಿಸುತ್ತದೆ?"

ಅವರು ಕೂಡಲೆ ಉತ್ತರ ಕೊಡಲಿಲ್ಲ. ಹೊರಗೆ ಬಂದು ಬೂಟು ಹಾಕಿಕೊಳ್ಳುವಾಗ ಹೇಳಿದರು. ಶಾಲೆಯಲ್ಲಿದ್ದಾಗ ಅವರ ತರಗತಿಯನ್ನು ನಾಗಸಾಕಿಗೆ ಕರೆದೊಯ್ದಿದ್ದರಂತೆ. ಬಾಂಬಿನಿಂದ ಬದುಕಿ ಉಳಿದ ಮುದುಕರೊಬ್ಬರು ಮಕ್ಕಳಿಗೆ ಅಂದಿನ ಕತೆ ಹೇಳಿದರು. ಕೊನೆಯಲ್ಲಿ, "ಎಲ್ಲಿಂದ ಬಂದಿರಿ ಮಕ್ಕಳೆ?" ಎಂದು ಕೇಳಿದರು. ಈಕೆ ಮುಂದಿನ ಸಾಲಿನಲ್ಲಿದ್ದವರು, "ಕ್ಯೋಟೋ" ಎಂದರು.

"ಓ, ಒಳ್ಳೆಯ ಊರು" ಎಂದರಂತೆ ಆ ಹಿರಿಯರು. "ಎಲೆ ಕೆಂಪಾಗುವ ಕಾಲಕ್ಕೆ ಒಮ್ಮೆ ಬಂದಿದ್ದೆ."