ಬೆಳ್ಳಿಗೆರೆ, ಕಪ್ಪುಮೈ

ಬೀದರಿನ ಹಳೆಯ ಬಿದ್ರಿ ಹೂಜಿಯೊಂದನ್ನು ಕೈಗೆತ್ತಿಕೊಂಡವರು ಮೊದಲು ಮೆಚ್ಚುವುದು ಬೆಳ್ಳಿಯ ಬಳ್ಳಿಯನ್ನು. ಕಪ್ಪುಮೈಯನ್ನು ಹೊಗಳುವವರು ಕಡಿಮೆ. ಇದು ನ್ಯಾಯವೇ?

ಬಹಮನಿ ಅರಸರ ಕಾಲದಿಂದ ಬೆಳೆದುಬಂದ ಈ ಕಲೆಯಲ್ಲಿ ಪಾತ್ರೆಯ ಎರಕಕ್ಕೆ ಬಹುಪಾಲು ಸತು, ತುಸು ತಾಮ್ರ. ಅದರ ಮೈಯಲ್ಲಿ ಉಳಿಯಿಂದ ಗೀರು ಕೊರೆದು, ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಉಜ್ಜಿ ನಯಗೊಳಿಸಿದಾಗ ಬೂದುಬಣ್ಣದ ಲೋಹದಲ್ಲಿ ಬೆಳ್ಳಿ ಕಣ್ಣಿಗೆ ಬೀಳುವುದೇ ಕಷ್ಟ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಳ್ಳಿ ಎದ್ದು ಕಾಣುವುದು ಆಗಲೇ.

ಅಂದಮೇಲೆ ಆ ಹೊಳಪು ಬೆಳ್ಳಿಯೊಂದರ ಗಳಿಕೆಯಲ್ಲ. ಗೀರು ತಿಂದದ್ದು, ಕಪ್ಪಾದದ್ದು ಇನ್ನೊಂದು ಲೋಹ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ‘ನಮ್ಮತನ ಉಳಿಯಬೇಕು’ ಎನ್ನುತ್ತಲೇ ಬಂದಿದ್ದೇವೆ. ಉಳಿಯಲೇಬೇಕು, ಬೆಳ್ಳಿಯನ್ನು ಎರಕದಲ್ಲೇ ಕರಗಿಸಿಬಿಟ್ಟರೆ ಬಿದ್ರಿಯೆಂಬುದೇ ಇರದು. ಆದರೆ ಬೆಳ್ಳಿ ಮಿನುಗಲೆಂದು ಹಳೆಯ ಪಾತ್ರೆಯನ್ನು ಒರಟಾಗಿ ತಿಕ್ಕಿದರೆ ಕಪ್ಪು ಅಳಿದು ಬಳ್ಳಿಯೂ ಮರೆಯಾಗುತ್ತದೆ. ನೆರೆಮನೆಯ ಮಲಯಾಳವನ್ನು ಹಳಿದು ಕನ್ನಡವನ್ನು ಬೆಳಗಹೊರಟರೂ ಹಾಗೆಯೇ.

ನಾವೇನೂ ಹೊರಗಿನಿಂದ ಬಂದು ಕೂತವರಲ್ಲ, ನಿಜ. ಹಾಗಾದರೆ ಇಲ್ಲಿ ಬೆಳ್ಳಿ ಯಾರು, ಕಪ್ಪು ಯಾರು? ನಮ್ಮ ಕಣ್ಣಿಗೆ ನಾವು ಬೆಳ್ಳಿ. ಅವರ ಕಣ್ಣಿಗೆ ಅವರು. ಲೋಹಕ್ಕೆ ಆಯ್ಕೆಯಿಲ್ಲ, ಮನುಷ್ಯರಿಗಿದೆ. ಒಬ್ಬರಿಗೊಬ್ಬರು ಕಪ್ಪುಮೈಯಾಗಲು ಒಪ್ಪಿದಲ್ಲಿ ಮಾತ್ರ ಇಬ್ಬರ ಗೆರೆಯೂ ಕಾಣುತ್ತದೆ.