ಸದ್ದೂ ಅದರ ಕಾರಣವೂ

ಸದ್ದು ನಿಂತ ಮಾತ್ರಕ್ಕೆ ದೋಷವು ತಿಳಿಯಿತೆಂದು ಹೇಳಬಹುದೆ? ಕಾರ್ಯವಾದರೆ ಸಾಲದೆ, ಕಾರಣವನ್ನು ನಿಶ್ಚಯಿಸುವ ಹೊಣೆಯೂ ದುರಸ್ತಿ ಮಾಡುವವನಿಗೆ ಉಂಟೆ? ಈ ಪ್ರಶ್ನೆಯು ತರ್ಕಕ್ಕೂ ಸೇರಿದ್ದು, ಧರ್ಮಕ್ಕೂ ಸೇರಿದ್ದು. ಇದನ್ನು ವಿಚಾರಿಸುವುದಕ್ಕೆ ಸ್ಪೋರ್ಟ್ಸ್ ಕಾರಿನ ಹೊಗೆಕೊಳವೆಯಲ್ಲಿ ಹುಟ್ಟುವ ಗಡಗಡ ಸದ್ದು ಒಳ್ಳೆಯ ದೃಷ್ಟಾಂತ.

ಜಪಾನಿನ ಮಾಜ್ದಾ ಕಂಪೆನಿಯವರು 1989ರಲ್ಲಿ ಹೊರತಂದ ಎಮ್‌ಎಕ್ಸ್-5 ಎಂಬುದು ಇಬ್ಬರು ಕುಳಿತುಕೊಳ್ಳುವ ಕಾರು. ಎಂಜಿನ್ನು ಮುಂಭಾಗದಲ್ಲಿದೆ, ಹೊಗೆಕೊಳವೆಯು ತಳದುದ್ದಕ್ಕೂ ಸಾಗಿ ಹಿಂದಣ ಸೈಲೆನ್ಸರನ್ನು ಸೇರುತ್ತದೆ. ಅದರ ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸ್ಫೋಟಗಳಾಗುತ್ತವೆ. ಆ ನಡುಕವು ಕೊಳವೆಯ ಮೇಲಣ ಶಾಖ ತಡೆಯುವ ತೆಳುತಗಡನ್ನೂ ಮುಟ್ಟುವುದು. ಬಹುಕಾಲ ಓಡಿದ ಗಾಡಿಯಲ್ಲಿ ಬೋಲ್ಟಿನ ಸುತ್ತ ತುಕ್ಕು ತಿಂದು ತಗಡು ಸಡಿಲವಾಯಿತೆಂದರೆ, ಯಾವುದೋ ಒಂದು ವೇಗದಲ್ಲಿ ಮಾತ್ರ ಅದು ಅರಚತೊಡಗುತ್ತದೆ. ವೇಗವು ಹೆಚ್ಚಲಿ, ತಗ್ಗಲಿ, ಸುಮ್ಮನಾಗುತ್ತದೆ.

ಆದರೆ ಸದ್ದೆಂಬ ಹೇತುವು ವ್ಯಭಿಚಾರಿ. ಸೈಲೆನ್ಸರಿನ ಒಳತಗಡು ಕಳಚಿದರೂ ಗಡಗಡವೆನ್ನುವುದು. ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಜೇನುಹುಟ್ಟಿನಂತಿರುವ ಪಿಂಗಾಣಿಯ ಗಟ್ಟಿ ಒಡೆದರೆ ಡಬ್ಬಿಯಲ್ಲಿ ಹರಳು ಉರುಳಿದಂತೆ ಕೇಳುವುದು. ಗ್ಯಾಸ್ಕೆಟ್ಟು ಸೋರಿದರೆ ಟಿಕ್ ಟಿಕ್ ಎನ್ನುವುದು. ಎಂಜಿನ್ನು ಕಾದು ಲೋಹ ಹಿಗ್ಗಿದ ಮೇಲೆ ಎಷ್ಟೋ ವೇಳೆ ಅದು ತಾನಾಗಿಯೇ ಅಡಗುವುದು.

ಇನ್ನು ಲೋಕದಲ್ಲಿ ನಡೆಯುವ ರೀತಿಯನ್ನು ನೋಡಬೇಕು. ಮೆಕ್ಯಾನಿಕ್ಕನು ಹೊಸ ಸೈಲೆನ್ಸರನ್ನು ಹಾಕಿದನು, ಸದ್ದು ನಿಂತಿತು, ಒಡೆಯನು ಹಣ ಕೊಟ್ಟು ಸಂತೋಷದಿಂದ ಹೋದನು. ಆದರೆ ಆ ಕೆಲಸದ ನಡುವೆ ತಗಡಿನ ಬೋಲ್ಟೂ ಬಿಗಿಯಾಗಿದ್ದರೆ? ಮಡಕೆಗೆ ಮಣ್ಣು ಹೊತ್ತು ತಂದ ಕತ್ತೆಯು ಮಡಕೆಯ ಕಾರಣವಲ್ಲವೆಂದು ನೈಯಾಯಿಕರು ಹೇಳುತ್ತಾರೆ. ಇಲ್ಲಿ ಆ ಕತ್ತೆಗೆ ಬೆಲೆ ತೆತ್ತಂತಾಯಿತು.

ಅನ್ವಯವೂ ವ್ಯತಿರೇಕವೂ ಕೂಡಿದಲ್ಲದೆ ನಿಶ್ಚಯವಿಲ್ಲ. ಗಾಡಿ ಆರಿರುವಾಗ ಭದ್ರವಾದ ಆಧಾರಗಳ ಮೇಲೆ ಅದನ್ನು ಎತ್ತಿ ನಿಲ್ಲಿಸಿ (ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳುವುದು ಸಾಹಸವಲ್ಲ, ಅವಿವೇಕ) ರಬ್ಬರಿನ ಸುತ್ತಿಗೆಯಿಂದ ಒಂದೊಂದು ಭಾಗವನ್ನೂ ಮೆಲ್ಲನೆ ತಟ್ಟಬೇಕು. ಸದ್ದು ಮಾಡಿದ ತಗಡನ್ನು ಒತ್ತಿ ಹಿಡಿದು ತಟ್ಟಿದಾಗ ಅದು ಅಡಗಿ, ಬಿಟ್ಟು ತಟ್ಟಿದಾಗ ಮರಳಿದರೆ ಅನುಮಾನಕ್ಕೆ ಬಲ ಬಂದಿತು. ಒಂದು ಕಾರಣ ಸಿಕ್ಕಿತೆಂದು ಮಿಕ್ಕವನ್ನು ತಟ್ಟದೆ ಬಿಡಲೂ ಆಗದು. ಎರಡು ದೋಷಗಳು ಕೂಡಿಯೇ ಇರಬಹುದು.

ಸಡಿಲವಾದ ತಗಡನ್ನು ಕಿತ್ತೇ ಎಸೆಯುವವರೂ ಉಂಟು. ಸದ್ದು ನಿಸ್ಸಂದೇಹವಾಗಿ ನಿಲ್ಲುವುದು. ಆದರೆ ನೂರಾರು ಡಿಗ್ರಿ ಕಾದ ಕೊಳವೆಗೂ ಕುಳಿತವರ ಕಾಲಡಿಯ ನೆಲಕ್ಕೂ, ಒಣಹುಲ್ಲಿನ ಮೇಲೆ ನಿಲ್ಲಿಸಿದಾಗ ಆ ಹುಲ್ಲಿಗೂ, ನಡುವೆ ಇದ್ದ ಮರೆ ಹೋಯಿತು. ಒಡೆಯನಿಗೆ ಇದು ಕೇಳಿಸುವುದಿಲ್ಲ, ಕೇಳಿಸದಿರುವುದೇ ಕೇಡು.

ಪರೀಕ್ಷಿಸಲು ಹೊತ್ತು ಬೇಕು, ಆ ಹೊತ್ತಿಗೆ ಹಣ ಕೊಡುವವರಾರು ಎಂಬ ಆಕ್ಷೇಪವು ನಿರಾಧಾರವಾದುದಲ್ಲ. ಬಿಡಿಭಾಗಕ್ಕೆ ಮರುಮಾತಿಲ್ಲದೆ ಹಣ ಕೊಡುವವರು ಬರಿಯ ತಿಳಿವಿಗೆ ಕೊಡಲು ಹಿಂಜರಿಯುವರು. ಈ ದೋಷದಲ್ಲಿ ಅವರ ಪಾಲೂ ಇದೆ. ಆದರೂ ಊಹೆಯನ್ನು ಊಹೆಯೆಂದು ಹೇಳುವುದಕ್ಕೆ ಯಾವ ವೆಚ್ಚವೂ ತಗಲದು. ತೆಗೆದ ಹಳೆಯ ಸೈಲೆನ್ಸರನ್ನು ಒಡೆಯನ ಮುಂದೆ ಅಲುಗಿಸಿ ತೋರಿಸುವುದಕ್ಕೆ ಅರ್ಧ ನಿಮಿಷ ಸಾಕು. ಒಳಗೆ ಏನೂ ಅಲುಗದಿದ್ದರೆ, ಹಣವನ್ನು ಎಣಿಸುವ ಮೊದಲು ಮತ್ತೊಮ್ಮೆ ಕಾರಿನ ಕೆಳಗೆ ಹೋಗಬೇಕಾದೀತು.