ಹಣೆಬರಹವೋ, ಹೊಣೆಗೇಡಿತನವೋ?

ರಸ್ತೆಯಲ್ಲಿ ಅಪಘಾತವಾಗಿ ಒಬ್ಬರು ಸತ್ತರೆ, ಅಥವಾ ಕೈಕಾಲು ಕಳೆದುಕೊಂಡರೆ, ನೆರೆದವರ ಬಾಯಲ್ಲಿ ಮೊದಲು ಬರುವ ಮಾತು "ಹಣೆಬರಹ, ಏನು ಮಾಡಲಿಕ್ಕೆ ಬರುತ್ತದೆ?" ಎಂಬುದು. ನೊಂದವರ ಮನೆಯವರೂ ಹಾಗೆಯೇ ಅನ್ನುತ್ತಾರೆ, ವಾಹನ ಹಾಯಿಸಿದವನೂ ಹಾಗೆಯೇ ಅನ್ನುತ್ತಾನೆ. ಇಬ್ಬರ ಮಾತೂ ಒಂದೇ. ಆದರೆ ಆ ಮಾತನ್ನಾಡುವ ಅಧಿಕಾರ ಇಬ್ಬರಿಗೂ ಸಮನಾಗಿ ಉಂಟೆ? ಬಂಧುಗಳೆ, ಇದು ಸಣ್ಣ ಪ್ರಶ್ನೆಯಲ್ಲ. ದಿನವೂ ರಸ್ತೆಗಿಳಿಯುವ ನಾವೆಲ್ಲರೂ ಉತ್ತರಿಸಬೇಕಾದ ಪ್ರಶ್ನೆ.

ಹಣೆಬರಹವೆಂಬ ಮಾತಿಗೆ ಅದರದೇ ಆದ ಸ್ಥಾನವಿದೆ. ಮಗನನ್ನು ಕಳೆದುಕೊಂಡ ತಾಯಿ ಆ ಮಾತನ್ನು ಹಿಡಿದುಕೊಂಡೇ ಒಂದು ರಾತ್ರಿ ಕಳೆಯುತ್ತಾಳೆ. ಆಕೆಯ ಎದುರು ನಿಂತು ವಾದ ಮಾಡುವುದು ಕ್ರೌರ್ಯ. ಆದರೆ ಅದು ಆಗಿಹೋದ ಮೇಲಿನ ಮಾತು, ನೊಂದವರ ಮಾತು. ಆಗುವ ಮೊದಲೇ ಅದನ್ನಾಡಿದರೆ ಅದು ಸೋಮಾರಿತನ. ನೋವು ಕೊಟ್ಟವನೇ ಆಡಿದರೆ ಅದು ಹೊಣೆಯಿಂದ ನುಣುಚಿಕೊಳ್ಳುವ ಉಪಾಯ.

ನಮ್ಮ ಒಕ್ಕಲುತನವನ್ನೇ ನೋಡಿರಿ. ಮಳೆ ನಮ್ಮ ಕೈಯಲ್ಲಿಲ್ಲವೆಂದು ಯಾವ ರೈತನೂ ಹೊಲಕ್ಕೆ ಒಡ್ಡು ಹಾಕದೆ ಬಿಡುವುದಿಲ್ಲ. ತೊಗರಿಗೆ ಹುಳು ಬಿದ್ದರೆ ಹಣೆಬರಹವೆಂದು ಕೈಕಟ್ಟಿ ಕೂಡುವುದಿಲ್ಲ. ಯಾವ ವ್ಯಾಪಾರಸ್ಥನೂ ಅಂಗಡಿಗೆ ಕೀಲಿ ಹಾಕದೆ ಮನೆಗೆ ಹೋಗುವುದಿಲ್ಲ. ಬೆಳೆಗೆ ಎಚ್ಚರ, ಮಾಲಿಗೆ ಎಚ್ಚರ, ಮನುಷ್ಯನ ಜೀವಕ್ಕೆ ಮಾತ್ರ ಹಣೆಬರಹ ಎಂದರೆ ಅದು ಯಾವ ನ್ಯಾಯ?

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 50,029 ಮಂದಿ ಹೆಲ್ಮೆಟ್ ಹಾಕದೆ ಬೈಕ್ ನಡೆಸಿದವರು ಮತ್ತು ಹಿಂದೆ ಕೂತವರು. ವಿಧಿಯು ತಲೆಯ ಮೇಲೆ ಹೆಲ್ಮೆಟ್ ಇದೆಯೋ ಇಲ್ಲವೋ ಎಂದು ನೋಡಿ ಬರೆಯುತ್ತದೆಯೆ? ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. 80ರಲ್ಲಿ ಹೋದರೆ 22 ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರವಂತೂ ವೇಗ ಇಮ್ಮಡಿಯಾದರೆ ನಾಲ್ಕರಷ್ಟಾಗುತ್ತದೆ. ಇದು ಬ್ರಹ್ಮಲಿಪಿಯಲ್ಲ, ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕ.

ಆದರೆ ಲೆಕ್ಕ ಹೇಳಿದರೆ ಜನ ಕೇಳುವುದಿಲ್ಲ. ಪೆಟ್ಟು ತಿಂದವರು ಹೇಳಿದರೆ ಕೇಳುತ್ತಾರೆ. ಚಂಡೀಗಡದ ಹರ್ಮನ್ ಸಿಂಗ್ ಸಿಧು ಅವರ ಬಾಳು ಇದಕ್ಕೆ ಸಾಕ್ಷಿ. 1996ರಲ್ಲಿ, 26ರ ಪ್ರಾಯದಲ್ಲಿ, ಗೆಳೆಯರೊಡನೆ ಹಿಮಾಚಲ ಪ್ರದೇಶದಿಂದ ಮರಳುವಾಗ ಅವರಿದ್ದ ಕಾರು ಕಂದಕಕ್ಕೆ ಉರುಳಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ದೇಹ ಸ್ವಾಧೀನ ತಪ್ಪಿತು. ಅಂದಿನಿಂದ ಗಾಲಿಕುರ್ಚಿಯೇ ಗತಿಯಾಯಿತು. ಹಣೆಬರಹವೆಂದು ಹೇಳಿ ಮನೆಯಲ್ಲಿ ಕೂತಿದ್ದರೆ ಅವರನ್ನು ಯಾರೂ ದೂರುತ್ತಿರಲಿಲ್ಲ. ಅವರು ಹಾಗೆ ಕೂಡಲಿಲ್ಲ. 'ಅರೈವ್ ಸೇಫ್' ಎಂಬ ಸಂಸ್ಥೆಯನ್ನು ಕಟ್ಟಿ ರಸ್ತೆ ಸುರಕ್ಷತೆಯ ಪಾಠ ಹೇಳತೊಡಗಿದರು. ಹೆದ್ದಾರಿಯ ಬದಿಗಿದ್ದ ಮದ್ಯದಂಗಡಿಗಳ ವಿರುದ್ಧ 2012ರಲ್ಲಿ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಪ್ರಕರಣವೂ ಅಂಥವೇ ಬೇರೆ ಪ್ರಕರಣಗಳೂ ಸೇರಿ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದವು. 2016ರ ಡಿಸೆಂಬರ್ 15ರಂದು, ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದೆಂಬ ಆದೇಶ ಹೊರಬಿತ್ತು. ಮರುವರ್ಷ ಅದು ಸಣ್ಣ ಊರುಗಳಿಗೂ ಪಟ್ಟಣದ ಎಲ್ಲೆಯ ಒಳಗೂ ಸಡಿಲವಾಯಿತೆಂಬುದು ನಿಜ. ಆದರೂ ಗಾಲಿಕುರ್ಚಿಯಲ್ಲಿ ಕೂತ ಒಬ್ಬರು ಹಿಡಿದ ಪಟ್ಟು ಇಡೀ ದೇಶವೇ ಆ ಪ್ರಶ್ನೆಯನ್ನು ಕೇಳಿಕೊಳ್ಳುವಂತೆ ಮಾಡಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. "ದೇವರು ಆ ಪೆಟ್ಟು ಕೊಟ್ಟದ್ದು ಒಳ್ಳೆಯದಕ್ಕೇ" ಎಂದು ನಾವು ಹೇಳಬಾರದು. ಗಾಯ ತಾನಾಗಿ ಯಾರನ್ನೂ ದೊಡ್ಡವರನ್ನಾಗಿ ಮಾಡುವುದಿಲ್ಲ. ಎಷ್ಟೋ ಜನರನ್ನು ಅದು ಹಾಸಿಗೆಯಲ್ಲೇ ಸವೆಸುತ್ತದೆ, ಮನೆಯನ್ನು ಸಾಲಕ್ಕೆ ದೂಡುತ್ತದೆ. ದೊಡ್ಡದು ಗಾಯವಲ್ಲ; ತನಗಾದದ್ದು ಇನ್ನೊಬ್ಬರಿಗೆ ಆಗದಿರಲಿ ಎಂಬ ಮನಸ್ಸು ದೊಡ್ಡದು. ಆ ಮನಸ್ಸಿಗೆ ಗಾಯವೇ ಆಗಬೇಕೆಂದೇನೂ ಇಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಬುದ್ಧಿ ನಮಗೇಕೆ?

ನಮ್ಮ ಸೀಮೆಯಲ್ಲೇ ಒಬ್ಬ ಶಾಲಾ ಮಾಸ್ತರರಿದ್ದಾರೆಂದು ಭಾವಿಸೋಣ. ರಾತ್ರಿ ಬೈಕಿನ ಮೇಲೆ ಊರಿಗೆ ಬರುವಾಗ, ಹಿಂದೆ ದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರಿಗೆ ಹಾಯ್ದು ಕಾಲು ಮುರಿದುಕೊಂಡರು. ತಿಂಗಳುಗಟ್ಟಲೆ ಮಲಗಿ, ಊರುಗೋಲು ಹಿಡಿದು ಮತ್ತೆ ಶಾಲೆಗೆ ಬಂದರು. ಮಕ್ಕಳಿಗೆ ರಸ್ತೆಯ ಪಾಠ ಹೇಳಬೇಕು. ಮುಂದೆ ಕೂತ ಮಕ್ಕಳಲ್ಲಿ ಕೆಲವರ ಅಪ್ಪಂದಿರೇ ಟ್ರೇಲರಿನ ಮಾಲೀಕರು. ಮಾಸ್ತರರು ಸಿಟ್ಟಿನ ಪಾಠ ಹೇಳಬಹುದು, ಹಣೆಬರಹದ ಪಾಠವನ್ನೂ ಹೇಳಬಹುದು. ಇವೆರಡನ್ನೂ ಬಿಟ್ಟು ಅವರು, "ಮನೆಗೆ ಹೋಗಿ, ನಮ್ಮ ಗಾಡಿಯ ಹಿಂದೆ ಕೆಂಪು ಪಟ್ಟಿ ಕಾಣುತ್ತದೆಯೋ ಇಲ್ಲವೋ ನೋಡಿಕೊಂಡು ಬನ್ನಿರಿ" ಎಂದಷ್ಟೇ ಹೇಳಿದರೆ? ಆ ಸಂಜೆ ಮಗು ಗಾಡಿಯ ಹಿಂದೆ ನಿಂತು ನೋಡುವಾಗ ತಂದೆ ಏನು ಉತ್ತರ ಕೊಟ್ಟಾನು? ಹಣೆಬರಹವೆಂದು ಹೇಳುವ ಧೈರ್ಯ ಅವನಿಗಾದೀತೆ? ಯಾರನ್ನೂ ದೂರದೆ ಹೊಣೆಯನ್ನು ಅದರ ಜಾಗಕ್ಕೆ ಮುಟ್ಟಿಸುವುದೇ ನಿಜವಾದ ಗುರುವಿನ ಕೆಲಸ.

ನಮ್ಮ ಹಿರಿಯರು ಹಾದಿಬದಿಗೆ ಅರವಟ್ಟಿಗೆ ಇಟ್ಟರು, ಸಾಲುಮರ ನೆಟ್ಟರು. ನೀರು ಕುಡಿಯುವವರ ಹೆಸರು, ಕುಲ, ಊರು ಅವರು ಕೇಳಲಿಲ್ಲ. ಮುಖ ಕಾಣದ ಹಾದಿಹೋಕನಿಗೂ ನಾವು ಋಣಿಗಳೆಂಬುದೇ ಅದರ ಹಿಂದಿನ ಧರ್ಮ. ಇಂದಿನ ಹಾದಿಹೋಕನಿಗೆ ನೀರಿಗಿಂತ ಮೊದಲು ಬೇಕಾದದ್ದು ಸುರಕ್ಷಿತ ಹಾದಿ. ಕಬ್ಬಿನ ಹಂಗಾಮಿನಲ್ಲಿ ಟ್ರೇಲರಿನ ಹಿಂದೆ ಜೋತುಬಿದ್ದ ಕಬ್ಬು ಕೆಂಪು ಪಟ್ಟಿಯನ್ನು ಮುಚ್ಚದಂತೆ ನೋಡಿಕೊಳ್ಳುವುದೂ ಒಂದು ಅರವಟ್ಟಿಗೆಯೇ. ರಸ್ತೆಯ ಮೇಲೆ ರಾಶಿ ಹಾಕದಿರುವುದು ಉತ್ತಮ. ಹಾಕಿದವರು ಸುತ್ತ ಇಟ್ಟ ಕಲ್ಲುಗಳನ್ನು ಅಲ್ಲೇ ಬಿಟ್ಟು ಬಂದರೆ ಅವು ಕತ್ತಲಲ್ಲಿ ಯಾರಿಗಾಗಿ ಕಾದಿರುತ್ತವೆ? "ಬೆಳಗಾಗುವುದರೊಳಗೆ ಮಾಲು ಸೊಲ್ಲಾಪುರ ಮುಟ್ಟಲೇಬೇಕು" ಎಂದು ನಿದ್ದೆಗೆಟ್ಟ ಚಾಲಕನಿಗೆ ತಾಕೀತು ಮಾಡುವ ವ್ಯಾಪಾರಸ್ಥನು ತಾನು ಲಾರಿಯಲ್ಲಿಲ್ಲದಿದ್ದರೂ ಹೊಣೆಯಲ್ಲಿ ಪಾಲುದಾರನೇ.

ಬಿದ್ದವರನ್ನು ಎತ್ತುವುದು ಇನ್ನೊಂದು ಕರ್ತವ್ಯ. ಪೊಲೀಸರ ಕಾಟ ಬಂದೀತೆಂದು ಹಿಂಜರಿಯುವವರು ಬಹಳ. ಈ ಅಂಜಿಕೆಗೆ ಈಗ ಕಾರಣವಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಮಿನಂತೆ, ಸದ್ಭಾವನೆಯಿಂದ ನೆರವಿಗೆ ಬಂದವರ ಮೇಲೆ ಗಾಯಾಳುವಿಗೆ ಆದದ್ದರ ಹೊಣೆ ಹೊರಿಸುವಂತಿಲ್ಲ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳ ತನಕ, 1.5 ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆಯೂ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಇವು ಇಡೀ ದೇಶಕ್ಕೆ ಅನ್ವಯಿಸುವುದರಿಂದ, ಬಿದ್ದವನು ಗಡಿಕಲ್ಲಿನ ಆಚೆಯವನೋ ಈಚೆಯವನೋ ಎಂಬ ವಿಚಾರ ಬೇಕಿಲ್ಲ. ಆಂಬುಲೆನ್ಸಿನ 108 ನಂಬರು ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಒಂದೇ. ಆಪತ್ತಿಗಾದವನೇ ನೆಂಟ.

ಹೀಗೆ ನೋಡಿದರೆ ಮೊದಲಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮಾಡಬೇಕಾದ್ದನ್ನೆಲ್ಲ ಮಾಡಿದ ಮೇಲೂ ನಮ್ಮ ಕೈಮೀರಿ ಆಗುವುದು ಸ್ವಲ್ಪ ಇದ್ದೇ ಇರುತ್ತದೆ. ಅದನ್ನು ಹಣೆಬರಹ ಎನ್ನೋಣ, ತಲೆಬಾಗೋಣ. ಉಳಿದದ್ದರ ಮೇಲೆ ಬರೆದಿರುವುದು ನಮ್ಮದೇ ಕೈಬರಹ.